ಕುಂಟುವ ನಾಯಿ

ಇಂದು ಬೆಳಿಗ್ಗೆ ಕಾರವಾರದ ಕಡಲತೀರದಲ್ಲಿ ಪಕ್ಕದ ಮನೆಯವರ ಗ್ರೇಟ್ ಡೇನ್ ನಾಯಿ ಮುಂಗಾಲೊಂದನ್ನು ಮರಳಿಗೆ ಊರದೆ, ಮೂರೇ ಕಾಲಲ್ಲಿ ಕುಂಟುತ್ತ ನನ್ನೆದುರು ಬಂದು ನಿಂತಿತು. ಮಣಿಕಟ್ಟಿನ ಮೇಲಿನ ಆ ಬಾವು ಆಸ್ಟಿಯೊಸಾರ್ಕೋಮಾ ಎಂಬ ಮೂಳೆಯ ಕ್ಯಾನ್ಸರ್ ಎಂದು ಪಶುವೈದ್ಯರು ಹೇಳಿದ್ದಾರಂತೆ.

ಮಕ್ಕಳಲ್ಲಿ ಇದೇ ರೋಗ ಹೆಚ್ಚಾಗಿ ಮೊಣಕಾಲಿನ ಸುತ್ತ, ಸರಸರನೆ ಎತ್ತರ ಬೆಳೆಯುವ ವಯಸ್ಸಿನಲ್ಲೇ ಕಾಣಿಸಿಕೊಳ್ಳುತ್ತದೆ. ಹರಡುವುದು ಮಾತ್ರ ಇಬ್ಬರಲ್ಲೂ ಮುಖ್ಯವಾಗಿ ಶ್ವಾಸಕೋಶಕ್ಕೇ.

ಪ್ರಯೋಗಾಲಯದ ಇಲಿಯಲ್ಲಿ ಮನುಷ್ಯರ ಗಡ್ಡೆಯ ತುಣುಕು ಬೆಳೆಯಬೇಕೆಂದರೆ ಆ ಇಲಿಗೆ ರೋಗನಿರೋಧಕ ಶಕ್ತಿಯೇ ಇಲ್ಲದಂತಿರಬೇಕು; ನಾಯಿಗಾದರೋ ಆ ಶಕ್ತಿ ಇರುವಾಗಲೇ ರೋಗ ತಾನಾಗಿ ಬರುವುದರಿಂದ, ಮಕ್ಕಳ ಚಿಕಿತ್ಸೆಯ ದಾರಿ ಹುಡುಕುವವರು ಸಾಕುನಾಯಿಗಳ ಚಿಕಿತ್ಸೆಯನ್ನೂ ಗಮನವಿಟ್ಟು ನೋಡುತ್ತಾರೆ.

ಆದರೆ ನನ್ನ ಮನಸ್ಸು ದಿನವಿಡೀ ಸುತ್ತಿದ್ದು ಯು-2 ಓಎಸ್ ಎಂಬ ಕೋಶಗಳ ಸುತ್ತಲೇ. 1964ರಲ್ಲಿ 15 ವರ್ಷದ ಹುಡುಗಿಯೊಬ್ಬಳ ಮೊಣಕಾಲ ಕೆಳಗಿನ ಮೂಳೆಯ ಗಡ್ಡೆಯಿಂದ ತೆಗೆದ ಆ ಕೋಶಗಳು, ಅರವತ್ತು ವರ್ಷ ದಾಟಿದರೂ, ಎಷ್ಟೋ ದೇಶಗಳ ಪ್ರಯೋಗಾಲಯದ ತಟ್ಟೆಗಳಲ್ಲಿ ಇನ್ನೂ ಒಂದು ಎರಡಾಗಿ ಒಡೆಯುತ್ತಲೇ ಇವೆ. ಅವಳ ಹೆಸರು ನನಗಂತೂ ಎಲ್ಲಿಯೂ ಕಾಣಲಿಲ್ಲ.

ನಾಯಿ ತೆರೆಯಂಚಿನ ಒದ್ದೆ ಮರಳಲ್ಲಿ ಮಲಗಿ, ಬಾತ ಕಾಲನ್ನು ನೆಕ್ಕಿಕೊಳ್ಳುತ್ತಿತ್ತು.