ಮಳೆ ಲೆಕ್ಕ, ಮದನಿಕೆ, ಕಾಡಂಚಿನ ಹಕ್ಕಿ: ಎಲ್ಲಕ್ಕೂ ಒಂದೇ ಖಾತೆ ಸಾಕು

ಬೇಲೂರಿನ ಶಿಲ್ಪ, ಮೂಡಿಗೆರೆ ಕಡೆಯ ಮಳೆ, ಭದ್ರಾ ಕಾಡಂಚಿನ ಹಕ್ಕಿ, ಅಕ್ಕಿರೊಟ್ಟಿಯ ಹದ. ಹೀಗೆ ನಾಲ್ಕಾರು ಆಸಕ್ತಿ ಇರುವವರು, ಬೇರೆ ಬೇರೆಯವರು ನಡೆಸುವ ಸರ್ವರ್‌ಗಳು ಒಂದಕ್ಕೊಂದು ಬೆಸೆದುಕೊಂಡಿರುವ ಸಾಮಾಜಿಕ ಜಾಲತಾಣವಾದ ಮಾಸ್ಟೊಡಾನ್‌ಗೆ ಬಂದಾಗ ಒಂದೊಂದಕ್ಕೂ ಒಂದೊಂದು ಖಾತೆ ತೆರೆಯಲು ಹೊರಡುತ್ತಾರೆ. ಬೇಡ. ಒಂದೇ ಖಾತೆಯಲ್ಲಿ ಬರೆಯಿರಿ, ಹ್ಯಾಷ್‌ಟ್ಯಾಗ್ ಸರಿಯಾಗಿ ಹಾಕಿ. ಹಕ್ಕಿ ಬೇಕಾದವರು ಹಕ್ಕಿಯ ಟ್ಯಾಗನ್ನಷ್ಟೇ ಫಾಲೋ ಮಾಡಿಕೊಳ್ಳುತ್ತಾರೆ. 2022ರಲ್ಲಿ ಬಂದ 4.0 ಆವೃತ್ತಿಯಿಂದ ಆ ಸೌಲಭ್ಯ ಇದೆ.

ಕನ್ನಡದಲ್ಲಿ ಟ್ಯಾಗ್ ಕೆಡುವುದು ವಿಭಕ್ತಿಯಿಂದ. ವಾಕ್ಯದ ನಡುವೆ #ಕಾಫಿಗೆ, #ಕಾಫಿಯ ಎಂದು ಬರೆದರೆ ಅವು #ಕಾಫಿ ಟ್ಯಾಗಿಗೆ ಸೇರುವುದೇ ಇಲ್ಲ, ಮೂರೂ ಬೇರೆ ಬೇರೆ. ಆದ್ದರಿಂದ ವಾಕ್ಯವನ್ನು ಅದರ ಪಾಡಿಗೆ ಬಿಟ್ಟು, ಟ್ಯಾಗನ್ನು ಪ್ರತ್ಯಯವಿಲ್ಲದೆ ಕೊನೆಯ ಸಾಲಿನಲ್ಲಿ ಹಾಕಿ: #ಕಾಫಿ #ಮಳೆ #ಚಿಕ್ಕಮಗಳೂರು. ನಡುವೆ ಜಾಗ ಅಥವಾ ಅಡ್ಡಗೆರೆ (-) ಬಂದರೆ ಟ್ಯಾಗ್ ಅಲ್ಲಿಗೇ ತುಂಡಾಗುತ್ತದೆ. ಹೊರಗಿನವರಿಗೂ ಸಿಗಬೇಕೆಂದರೆ ಇಂಗ್ಲಿಷ್ ಅಕ್ಷರದ ಟ್ಯಾಗ್ ಒಂದನ್ನು ಜೊತೆಗಿಡಿ. ಪೋಸ್ಟ್ 'ಸಾರ್ವಜನಿಕ' ಆಗಿರಲೇಬೇಕು, ಇಲ್ಲದಿದ್ದರೆ ಟ್ಯಾಗ್ ಪುಟದಲ್ಲಿ ಕಾಣುವುದಿಲ್ಲ. ಬರೆಯುವ ಪೆಟ್ಟಿಗೆಯಲ್ಲಿ ಭಾಷೆ 'ಕನ್ನಡ' ಎಂದಿದೆಯೇ ನೋಡಿ. ಭಾಷೆ ಆರಿಸಿ ಓದುವವರಿಗೆ ತಲುಪುವುದು ಅದರಿಂದಲೇ.

ಹೊಸಬರು ಬೇಸತ್ತು ಬಿಟ್ಟುಹೋಗುವುದು ಇನ್ನೊಂದು ಕಾರಣಕ್ಕೆ: ಟ್ಯಾಗ್ ಹುಡುಕಿದರೆ ಏನೂ ಸಿಗುವುದಿಲ್ಲ. ಅದು ಜನ ಬರೆಯದೆ ಇರುವುದರಿಂದಲ್ಲ. ನಿಮ್ಮ ಸರ್ವರ್‌ನಲ್ಲಿ ಇರುವವರು ಯಾರನ್ನು ಫಾಲೋ ಮಾಡುತ್ತಾರೋ, ಹೆಚ್ಚಾಗಿ ಅವರ ಬರಹ ಮಾತ್ರ ಆ ಸರ್ವರ್‌ಗೆ ಬರುತ್ತದೆ. ಸರ್ವರ್ ಚಿಕ್ಕದಾದಷ್ಟೂ ಟ್ಯಾಗ್ ಪುಟ ಖಾಲಿ. ಮೊದಲ ವಾರವೇ ಮೂವತ್ತು ನಲವತ್ತು ಜನರನ್ನು ಫಾಲೋ ಮಾಡಿ. ಬೇರೆ ಸರ್ವರ್‌ನ ಒಳ್ಳೆಯ ಪೋಸ್ಟ್ ಕಂಡರೆ ಅದರ ವಿಳಾಸವನ್ನು ನಿಮ್ಮ ಹುಡುಕು ಪೆಟ್ಟಿಗೆಗೆ ಅಂಟಿಸಿ. ಅದು ಇತ್ತ ಬರುತ್ತದೆ, ಉತ್ತರಿಸಬಹುದು, ಬೂಸ್ಟ್ ಮಾಡಿ ಹಂಚಬಹುದು. ಮೆಚ್ಚುಗೆಯ ನಕ್ಷತ್ರ ಒತ್ತಿದರೆ ಬರೆದವರಿಗೆ ಖುಷಿ, ಆದರೆ ನಿಮ್ಮನ್ನು ಫಾಲೋ ಮಾಡುವವರಿಗೆ ಆ ಪೋಸ್ಟ್ ತಲುಪುವುದು ಬೂಸ್ಟ್‌ನಿಂದ.

ಚರ್ಚೆ ಬೇಕಾದ ವಿಷಯಕ್ಕೆ ಲೆಮ್ಮಿ ಎಂಬ ಚರ್ಚಾ ತಾಣದ ಸಮುದಾಯಗಳು, ಅಂದರೆ ವಿಷಯವಾರು ಗುಂಪುಗಳು, ಒಳ್ಳೆಯವು. ಮಾಸ್ಟೊಡಾನ್ ಮತ್ತು ಲೆಮ್ಮಿ ಎರಡೂ ಆಕ್ಟಿವಿಟಿಪಬ್ ಎಂಬ ಒಂದೇ ಸಂಪರ್ಕ ವಿಧಾನ ಬಳಸುವುದರಿಂದ ಅಲ್ಲಿ ಬೇರೆ ಖಾತೆ ಬೇಕಿಲ್ಲ. ಪೋಸ್ಟ್‌ನಲ್ಲಿ ಸಮುದಾಯದ ಪೂರ್ಣ ವಿಳಾಸವನ್ನು @ಸಮುದಾಯ@ಸರ್ವರ್ ಎಂಬ ರೂಪದಲ್ಲಿ ಸೇರಿಸಿದರೆ ಸಾಕು. ಮೊದಲ ಸಾಲೇ ಅಲ್ಲಿ ಶೀರ್ಷಿಕೆಯಾಗುತ್ತದೆ, ಹಾಗಾಗಿ 'ನಮಸ್ಕಾರ' ಎಂದು ಶುರು ಮಾಡಬೇಡಿ, ನೇರ ವಿಷಯ ಬರೆಯಿರಿ. ಆದರೆ ದೊಡ್ಡ ಸಮುದಾಯವನ್ನು ಮಾಸ್ಟೊಡಾನ್‌ನಿಂದ ಫಾಲೋ ಮಾಡಿದರೆ ಪ್ರತಿ ಕಾಮೆಂಟೂ ಮುಖಪುಟಕ್ಕೆ ಸುರಿಯುತ್ತದೆ.

ವಿವರ ಪೂರ್ತಿ ಇದ್ದರೆ ದೂರದವರಿಗೂ ಉಪಯೋಗ. ತೋಟದವರ ಮಳೆ ಲೆಕ್ಕವಾದ '1 ಇಂಚು 20 ಸೆಂಟ್ಸ್' (ಸೆಂಟ್ ಅಂದರೆ ಇಂಚಿನ ನೂರರಲ್ಲೊಂದು ಪಾಲು) ಹೊರಗೆ ಅರ್ಥವಾಗದು, 30.5 ಮಿ.ಮೀ. ಎಂದೂ ಬರೆಯಿರಿ, ಅಳೆದ ಹೊತ್ತನ್ನೂ ಹೇಳಿ. ಹವಾಮಾನ ಇಲಾಖೆಯ ಲೆಕ್ಕ ಬೆಳಿಗ್ಗೆ 8.30ರಿಂದ ಮರುದಿನ 8.30ರವರೆಗಿನದು, ನಿಮ್ಮದನ್ನೂ ಅದಕ್ಕೇ ಹೊಂದಿಸಿಕೊಂಡರೆ ಹೋಲಿಸಲು ಸುಲಭ. ಶಿಲ್ಪದ ಫೋಟೊಗೆ ಚಿತ್ರವಿವರಣೆ ತಪ್ಪಿಸಬೇಡಿ. 'ಬೇಲೂರು ದೇವಸ್ಥಾನ' ಎಂದರೆ ಕಣ್ಣು ಕಾಣದ ಓದುಗರಿಗೆ ಏನೂ ಹೇಳಿದಂತಾಗಲಿಲ್ಲ. 'ಚೆನ್ನಕೇಶವ ದೇವಾಲಯದ ಮದನಿಕೆ, ಕೈಯಲ್ಲಿ ಕನ್ನಡಿ ಹಿಡಿದು ನಿಂತಿದ್ದಾಳೆ' ಎಂದರೆ ಚಿತ್ರ ಕಟ್ಟುತ್ತದೆ. ಚಿತ್ರವಿವರಣೆಗೆ 1500 ಅಕ್ಷರದವರೆಗೆ ಜಾಗವಿದೆ, ಕಂಜೂಸುತನ ಬೇಡ. ಘಟ್ಟದ ಕಡೆ ಸಿಗ್ನಲ್ ಕೈಕೊಡುತ್ತದೆ, ಫೋಟೊದ ಉದ್ದದ ಬದಿಯನ್ನು 1600 ಪಿಕ್ಸೆಲ್‌ಗೆ ಇಳಿಸಿಯೇ ಹಾಕಿ.

ಹಕ್ಕಿ ಗೂಡು, ಸೀತಾಳೆ ಹೂವು ಬಿಟ್ಟ ಮರ ಇವುಗಳ ನಿಖರ ಜಾಗ ಎಂದೂ ಬೇಡ, ತಾಲ್ಲೂಕಿನ ಹೆಸರು ಸಾಕು. ಕ್ಯಾಮೆರಾದ ಲೊಕೇಶನ್ ಆಫ್ ಮಾಡಿಡಿ. ಒಮ್ಮೆ ಹೊರಟ ಪೋಸ್ಟನ್ನು ಅಳಿಸಿದರೂ ಬೇರೆ ಸರ್ವರ್‌ಗಳಿಗೆ ಹೋಗುವುದು ಅಳಿಸಿ ಎಂಬ ಕೋರಿಕೆ ಮಾತ್ರ; ಎಲ್ಲರೂ ಪಾಲಿಸುತ್ತಾರೆ ಎಂಬ ಖಾತ್ರಿಯಿಲ್ಲ. ಖಾಸಗಿ ಸಂದೇಶವನ್ನೂ ಸರ್ವರ್ ನಡೆಸುವವರು ಓದಬಲ್ಲರು, ಫೋನ್ ನಂಬರ್ ಅಲ್ಲಿ ಕೊಡಬೇಡಿ.

ಸರ್ವರ್ ಮುಚ್ಚುವುದೂ ಉಂಟು. ಖಾತೆ ಬದಲಿಸಿದಾಗ ಫಾಲೋ ಮಾಡುವವರು ಜೊತೆಗೆ ಬರುತ್ತಾರೆ, ಹಳೆಯ ಪೋಸ್ಟ್‌ಗಳು ಬರುವುದಿಲ್ಲ. ಸೆಟ್ಟಿಂಗ್ಸ್‌ನ 'ಆಮದು ಮತ್ತು ರಫ್ತು' ಭಾಗದಲ್ಲಿ ಬರಹಗಳ ಆರ್ಕೈವ್‌ಅನ್ನು 7 ದಿನಕ್ಕೊಮ್ಮೆ ಕೇಳಿ ಪಡೆಯಬಹುದು. ಮಳೆಗಾಲದ ಲೆಕ್ಕ ಇಟ್ಟವರು ಕಾಫಿ ಕೊಯ್ಲು ಶುರುವಾಗುವ ಮೊದಲೇ ಒಂದು ಪ್ರತಿ ಇಳಿಸಿಕೊಂಡು ಪೆನ್‌ಡ್ರೈವ್‌ಗೆ ಹಾಕಿಡಿ.