ತೆರೆಯದ ಸೀಸೆ

ಆ ಬೆಳಿಗ್ಗೆ ನಾನು ಆ ಲಸಿಕಾ ಕೇಂದ್ರಕ್ಕೆ ಹೋದದ್ದು ತಪ್ಪು ಹುಡುಕಲೆಂದೇ, ಹೆಸರಿಗೆ ಮಾತ್ರ ಅದು ಮೇಲ್ವಿಚಾರಣೆ. ನನ್ನ ಉಸ್ತುವಾರಿಯಲ್ಲಿದ್ದ ಕೇಂದ್ರಗಳ ಪೈಕಿ ಅಲ್ಲಿಯ ಲೆಕ್ಕವೊಂದು ಕೆಲವು ತಿಂಗಳುಗಳಿಂದ ನನ್ನ ಕಣ್ಣಿಗೆ ಚುಚ್ಚುತ್ತಿತ್ತು. ಹಿಂದಿನ ಒಂದು ವರ್ಷದಲ್ಲಿ ಪೆಂಟಾವೇಲೆಂಟ್, ಅಂದರೆ ಐದು ರೋಗಗಳನ್ನು ಒಟ್ಟಿಗೆ ತಡೆಯುವ ಲಸಿಕೆಯ ಮೊದಲ ಡೋಸ್ ಪಡೆದ ಮಕ್ಕಳು 24. ಮೂರನೆಯ ಡೋಸಿಗೂ ಬಂದವರು 22. ಒಂಬತ್ತು ತಿಂಗಳು ತುಂಬಿದ ಮೇಲೆ ದಡಾರದ ಲಸಿಕೆ ಹಾಕಿಸಿಕೊಂಡವರು 13. ಮೊದಲ ಡೋಸಿಗೂ ಕೊನೆಯ ಡೋಸಿಗೂ ನಡುವೆ ಶೇ 10ಕ್ಕಿಂತ ಹೆಚ್ಚು ಮಕ್ಕಳು ಬಿಟ್ಟುಹೋದರೆ ಅಲ್ಲಿ ಏನೋ ಕೆಟ್ಟಿದೆ ಎಂದು ನಮಗೆಲ್ಲ ಕಲಿಸಿರುತ್ತಾರೆ. ಇಲ್ಲಿ ಪೆಂಟಾದ ಲೆಕ್ಕ ಆ ಮಿತಿಯೊಳಗೇ ಇತ್ತು, ದಡಾರದ ಲೆಕ್ಕ ಮಾತ್ರ ಪಾತಾಳಕ್ಕಿಳಿದಿತ್ತು. ಆರನೆಯ, ಹತ್ತನೆಯ, ಹದಿನಾಲ್ಕನೆಯ ವಾರಗಳಲ್ಲಿ ತಪ್ಪದೆ ಬಂದ ತಾಯಂದಿರು ಒಂಬತ್ತನೆಯ ತಿಂಗಳಲ್ಲಿ ಏಕೆ ಬರುವುದಿಲ್ಲ? ಮರೆತಿರಬೇಕು, ಜ್ವರಕ್ಕೆ ಹೆದರಿರಬೇಕು, ಇಲ್ಲವೇ ಯಾರೋ ಏನೋ ಹೇಳಿ ತಲೆ ಕೆಡಿಸಿರಬೇಕು ಎಂದು ದಾರಿಯುದ್ದಕ್ಕೂ ಕಾರಣಗಳನ್ನು ಪೋಣಿಸುತ್ತಲೇ ಹೋದೆ. ಅವೆಲ್ಲವೂ ತಾಯಂದಿರ ತಲೆಗೆ ಕಟ್ಟಬಹುದಾದ ಕಾರಣಗಳೇ ಎಂಬುದು ಆಗ ನನಗೆ ಹೊಳೆಯಲಿಲ್ಲ.

ಕೇಂದ್ರದ ಸಿಸ್ಟರ್ ಕೆಲಸದಲ್ಲಿ ನುರಿತವರು. ಐಸ್ ಪ್ಯಾಕುಗಳನ್ನು ಫ್ರೀಜರಿನಿಂದ ತೆಗೆದು, ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಅಲುಗಿಸಿ, ಒಳಗೆ ನೀರು ತುಳುಕುವ ಸದ್ದು ಕೇಳಿದ ಮೇಲಷ್ಟೇ ಲಸಿಕೆಯ ಡಬ್ಬಿಯೊಳಗೆ ನಾಲ್ಕು ಬದಿಗೂ ಜೋಡಿಸಿದ್ದರು. ಗಟ್ಟಿ ಮಂಜುಗಡ್ಡೆ ತಾಗಿದರೆ ಪೆಂಟಾದಂಥ ಲಸಿಕೆ ಹೆಪ್ಪುಗಟ್ಟಿ ಕೆಡುತ್ತದೆ. ಬಿಸಿಲಿಗೆ ಹೆದರುವಷ್ಟು ನಮ್ಮವರು ಚಳಿಗೆ ಹೆದರುವುದಿಲ್ಲವಾದ್ದರಿಂದ ಈ ಸಣ್ಣ ಎಚ್ಚರಿಕೆಯನ್ನು ನಾನು ಬಹಳ ಕಡೆ ಕಂಡಿರಲಿಲ್ಲ. ಫ್ರಿಜ್ಜಿನ ತಾಪಮಾನ ಬೆಳಿಗ್ಗೆ, ಸಂಜೆ ಎರಡು ಹೊತ್ತೂ ದಾಖಲಾಗಿತ್ತು, 2ರಿಂದ 8 ಡಿಗ್ರಿಯ ಗೆರೆ ದಾಟಿರಲಿಲ್ಲ. ಲಸಿಕೆಗೆ ಬಿಸಿ ತಾಗಿದಷ್ಟೂ ಕಪ್ಪಾಗುವ, ಸೀಸೆಗಳ ಮೇಲಿನ ಗುರುತಿನಲ್ಲಿ ವೃತ್ತದೊಳಗಿನ ಚೌಕ ಇನ್ನೂ ಬೆಳ್ಳಗೇ ಇತ್ತು. ನಾನು ತಂದಿದ್ದ ತಪಾಸಣಾ ಪಟ್ಟಿಯಲ್ಲಿ ಒಂದೇ ಒಂದು ತಪ್ಪನ್ನೂ ಗುರುತಿಸಲಾಗಲಿಲ್ಲ, ನಿಜ ಹೇಳಬೇಕೆಂದರೆ ಅದು ನನಗೆ ಸ್ವಲ್ಪ ನಿರಾಸೆಯನ್ನೇ ತಂದಿತು.

ಹತ್ತೂವರೆಯ ಹೊತ್ತಿಗೆ ಒಬ್ಬ ತಾಯಿ ಮಗುವನ್ನು ಸೊಂಟದ ಮೇಲೆ ಹೊತ್ತು ಬಂದು ಲಸಿಕೆ ಕಾರ್ಡನ್ನು ಮೇಜಿನ ಮೇಲಿಟ್ಟರು. ಸಿಸ್ಟರ್ ಕಾರ್ಡ್ ನೋಡಿ, ಬಾಗಿಲ ಕಡೆ ಒಮ್ಮೆ ಕಣ್ಣು ಹಾಯಿಸಿ, ಮೆಲ್ಲಗೆ ಹೇಳಿದರು: "ಇವತ್ತು ಮಗು ಒಂದೇ ಇದೆ ಕಣಮ್ಮ, ಮುಂದಿನ ತಿಂಗಳು ಬಂದುಬಿಡಿ."

"ಹೋದ ತಿಂಗಳೂ ಹೀಗೇ ಅಂದಿದ್ರಿ ಸಿಸ್ಟರ್."

ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ. ಕಾರ್ಡನ್ನು ಮಡಿಸಿಕೊಂಡು ಹೊರಡಲು ಸಿದ್ಧರಾಗಿಯೇ ಬಿಟ್ಟಿದ್ದರು. ನಾನು ನಡುವೆ ಬಾಯಿ ಹಾಕಿ, "ಯಾಕೆ ಸಿಸ್ಟರ್, ಲಸಿಕೆ ಬಂದಿಲ್ಲವೇ?" ಎಂದೆ. "ಬಂದಿದೆ ಸರ್" ಎಂದಷ್ಟೇ ಹೇಳಿ ಅವರು ಮೇಜಿನ ಖಾನೆಯಿಂದ ತಪಾಸಣಾ ಪುಸ್ತಕವನ್ನು ತೆಗೆದು, ತುದಿ ಮಡಿಸಿಟ್ಟಿದ್ದ ಪುಟವನ್ನು ತೆರೆದು ನನ್ನ ಮುಂದಿಟ್ಟರು. ಒಂದೂವರೆ ವರ್ಷದ ಹಿಂದಿನ ಬರಹ. "ದಡಾರ ಲಸಿಕೆಯ ಪೋಲು ಅತಿಯಾಗಿದೆ. ಇದು ಸರಿಯಲ್ಲ. ಲಿಖಿತ ವಿವರಣೆ ನೀಡತಕ್ಕದ್ದು." ಅಕ್ಷರ ನನ್ನದು, ಕೆಳಗಿನ ಸಹಿಯೂ ನನ್ನದು.

ಬರೆದದ್ದು ನನಗೆ ಮರೆತೇಹೋಗಿತ್ತು. ಸಭೆಯೊಂದರಲ್ಲಿ ಲಸಿಕೆಯ ಪೋಲಿನ ಬಗ್ಗೆ ನನ್ನನ್ನು ಎಲ್ಲರೆದುರು ಕೇಳಿದ್ದರು. ಮರುವಾರ ನಾನು ಅದನ್ನೇ ಕೇಂದ್ರದಿಂದ ಕೇಂದ್ರಕ್ಕೆ ದಾಟಿಸುತ್ತ ಹೋಗಿದ್ದೆ. ಆದರೆ ಆ ಪೋಲು ಎಲ್ಲಿಂದ ಬರುತ್ತದೆ ಎಂಬುದಕ್ಕೆ ದೊಡ್ಡ ಲೆಕ್ಕವೇನೂ ಬೇಡ. ದಡಾರದ ಲಸಿಕೆ ಪುಡಿಯ ರೂಪದಲ್ಲಿ, ಒಂದು ಸೀಸೆಯಲ್ಲಿ 10 ಡೋಸಿನಂತೆ ನಮಗೆ ಬರುತ್ತಿತ್ತು. ಅದಕ್ಕೆಂದೇ ಬರುವ ದ್ರಾವಕವನ್ನು ಬೆರೆಸಿದ ಮೇಲೆ ಆರು ಗಂಟೆಯೊಳಗೆ, ಅಥವಾ ಆ ದಿನದ ಲಸಿಕಾ ಕಾರ್ಯ ಮುಗಿಯುವುದರೊಳಗೆ, ಯಾವುದು ಮೊದಲೋ ಅಷ್ಟರಲ್ಲಿ ಬಳಸಿ, ಉಳಿದದ್ದನ್ನು ಎಸೆಯಬೇಕು. ಈ ನಿಯಮದಲ್ಲಿ ರಾಜಿಯಿಲ್ಲ, ಏಕೆಂದರೆ ಆ ದ್ರಾವಣದಲ್ಲಿ ಸೂಕ್ಷ್ಮಜೀವಿಗಳನ್ನು ತಡೆಯುವ ಸಂರಕ್ಷಕ ಇರುವುದಿಲ್ಲ. ದಕ್ಷಿಣ ಸುಡಾನಿನ ಕಾಪೊಯೆಟಾ ಪ್ರದೇಶದಲ್ಲಿ 2017ರ ಮೇ ತಿಂಗಳ ಅಭಿಯಾನವೊಂದರಲ್ಲಿ ಬೆರೆಸಿದ ಲಸಿಕೆಯನ್ನು ತಂಪಿನಲ್ಲಿಡದೆ ದಿನಗಟ್ಟಲೆ ಬಳಸಿ, ಒಂದೇ ಸಿರಿಂಜನ್ನು ಮತ್ತೆ ಮತ್ತೆ ಉಪಯೋಗಿಸಿದ್ದರಿಂದ 15 ಮಕ್ಕಳು ತೀರಿಕೊಂಡರು. ಪೆಂಟಾದ ಸಂಗತಿ ಬೇರೆ. ಅದು ದ್ರವರೂಪದ್ದು, ಸರಿಯಾಗಿ ಇಟ್ಟುಕೊಂಡರೆ ತೆರೆದ ಸೀಸೆಯನ್ನು 28 ದಿನಗಳವರೆಗೆ ಬಳಸಬಹುದು. ಹಾಗಾಗಿ ಒಂದೇ ಮಗುವಿಗೆ ಪೆಂಟಾ ಸೀಸೆ ತೆರೆಯಲು ಯಾವ ಸಿಸ್ಟರೂ ಹಿಂದೆಮುಂದೆ ನೋಡುವುದಿಲ್ಲ, ದಡಾರದ ಸೀಸೆಗೆ ಬಂದಾಗ ಮಾತ್ರ ಕೈ ತಡೆಯುತ್ತದೆ. ವರ್ಷಕ್ಕೆ 24 ಶಿಶುಗಳಿರುವ ಕಡೆ ತಿಂಗಳಿಗೆ ಬರುವುದು ಇಬ್ಬರು. ನಿಯಮದ ಪ್ರಕಾರ ನಡೆದರೆ ಎಂಟು ಡೋಸ್ ಎಸೆಯಲೇಬೇಕು. ನನ್ನ ಷರಾ ಓದಿದ ಮೇಲೆ ಆಕೆ ಹುಡುಕಿಕೊಂಡ ಪರಿಹಾರ ಸರಳವಾಗಿತ್ತು: ನಾಲ್ಕೈದು ಮಕ್ಕಳು ಒಟ್ಟಿಗೆ ಸೇರುವವರೆಗೆ ಸೀಸೆಯನ್ನು ತೆರೆಯದಿರುವುದು. ನನ್ನನ್ನು ಆ ಬೆಳಿಗ್ಗೆ ಅಲ್ಲಿಗೆ ಕರೆತಂದ 22 ಮತ್ತು 13ರ ನಡುವಿನ ಅಂತರದ ಗುಟ್ಟು ಇಷ್ಟೇ.

"ತೆರೆಯಿರಿ ಸಿಸ್ಟರ್" ಎಂದೆ.

ಅವರು ತಕ್ಷಣ ತೆರೆಯಲಿಲ್ಲ. "ಬಾಯಲ್ಲಿ ಹೇಳಿದರೆ ಸಾಲದು ಸರ್, ಬರೆದುಕೊಡಿ" ಎಂದರು. ಒಂದು ಕ್ಷಣ ಕೋಪ ಬಂತು. ಮರುಕ್ಷಣ, ಆಕೆಯ ಜಾಗದಲ್ಲಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ ಎನ್ನಿಸಿತು. ಅದೇ ಪುಟದಲ್ಲಿ ನನ್ನ ಹಳೆಯ ಷರಾದ ಕೆಳಗೆ, "ಅರ್ಹ ಮಗು ಒಂದೇ ಬಂದರೂ ದಡಾರ ಲಸಿಕೆಯ ಸೀಸೆ ತೆರೆಯತಕ್ಕದ್ದು. ಮೇಲಿನ ಷರಾ ರದ್ದಾಗಿದೆ" ಎಂದು ಬರೆದು ಸಹಿ ಹಾಕಿದೆ. ಇದು ನನ್ನ ಔದಾರ್ಯವೇನಲ್ಲ, ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯೂ ಇದೇ. ತರಬೇತಿಯಲ್ಲಿ ಅದನ್ನು ಓದಿದ್ದೆ, ಓದಿಯೂ ಆ ಷರಾ ಬರೆದಿದ್ದೆ. ಸಿಸ್ಟರ್ ಎರಡು ಸಲ ಓದಿಕೊಂಡು, "ತಾರೀಖು ಹಾಕಿಲ್ಲ ಸರ್" ಎಂದರು. ಹಾಕಿದೆ.

ಆಮೇಲೆ ಅವರು ಕೆಲಸ ಮಾಡಿದ ರೀತಿಯನ್ನು ನಾನು ಇಂದಿಗೂ ಹೊಸಬರಿಗೆ ವಿವರಿಸುತ್ತೇನೆ. ಸೀಸೆಯ ಗುರುತನ್ನೂ ಅವಧಿ ಮುಗಿಯುವ ದಿನಾಂಕವನ್ನೂ ಕಿಟಕಿಯ ಬೆಳಕಿಗೆ ಹಿಡಿದು ಓದಿದರು. ದ್ರಾವಕವೂ ಲಸಿಕೆಯಷ್ಟೇ ತಣ್ಣಗಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಿದರು, ಬೆಚ್ಚಗಿನ ದ್ರಾವಕ ಲಸಿಕೆಯ ಶಕ್ತಿಯನ್ನೇ ಕುಂದಿಸುತ್ತದೆ. ಬೆರೆಸಿದ ಮೇಲೆ ಸೀಸೆಯ ಮೇಲೆ ಪೆನ್ನಿನಿಂದ 10.50 ಎಂದು ಬರೆದು, ಐಸ್ ಪ್ಯಾಕುಗಳ ಮೇಲಿನ ಸ್ಪಂಜಿನ ಸೀಳಿನಲ್ಲಿ ಸಿಕ್ಕಿಸಿದರು. ತಾಯಿಯನ್ನು ಕೂರಿಸಿ, ಮಗುವಿನ ಒಂದು ಕೈಯನ್ನು ಆಕೆಯ ಕಂಕುಳಡಿಗೆ ಸೇರಿಸಿ, ಇನ್ನೊಂದು ತೋಳಿನ ಚರ್ಮವನ್ನು ಹಗುರವಾಗಿ ಎತ್ತಿ ಅರ್ಧ ಮಿಲಿಲೀಟರ್ ಕೊಟ್ಟರು. ಮಗು ಅಳಲು ಬಾಯಿ ತೆರೆಯುವಷ್ಟರಲ್ಲಿ ಸೂಜಿ ಹೊರಬಂದಿತ್ತು. ಬಳಿಕ ಯಾವ ಲಸಿಕೆ, ಅದು ಏನನ್ನು ತಡೆಯುತ್ತದೆ, ಜ್ವರ ಬಂದರೆ ಏನು ಮಾಡಬೇಕು, ಎರಡನೆಯ ಡೋಸಿಗೆ ಯಾವಾಗ ಬರಬೇಕು ಎಂಬುದನ್ನು ಹೇಳಿ, ಅರ್ಧ ಗಂಟೆ ಅಲ್ಲೇ ಕುಳಿತಿರಲು ತಿಳಿಸಿದರು.

ಉಳಿದದ್ದು ಒಂಬತ್ತು ಡೋಸ್ ಮತ್ತು ಐದೂವರೆ ಗಂಟೆಗೂ ಮಿಕ್ಕ ಸಮಯ. ರಿಜಿಸ್ಟರ್ ಹರಡಿಕೊಂಡು ಕುಳಿತು, ಪೆಂಟಾ ಮೂರೂ ಆಗಿ ದಡಾರದ ಕಾಲಮ್ ಖಾಲಿಯಿದ್ದ ಹೆಸರುಗಳನ್ನು ಒಂದು ಹಾಳೆಗೆ ಇಳಿಸಿದೆವು. ಮನೆಮನೆಗೆ ಹೋಗುವ ಕಾರ್ಯಕರ್ತೆಯ ಜೊತೆಗೆ ನಾನೂ ಹೊರಟೆ. ಮೊದಲ ಮನೆಯಲ್ಲಿ ನಾನು ತಿಳಿಹೇಳುವ ಮಾತುಗಳನ್ನು ಸಿದ್ಧಮಾಡಿಕೊಂಡೇ ನಿಂತಿದ್ದೆ. ಬಾಗಿಲಿಗೆ ಬಂದ ಅಜ್ಜಿ ಹೇಳಿದ್ದು ಇಷ್ಟು: "ಬೇಡ ಅಂತ ಯಾರು ಅಂದ್ರಪ್ಪ? ಎರಡು ಸಲ ಕೂಲಿ ಬಿಟ್ಟು ಹೋಗಿದ್ಲು ಸೊಸೆ, ಎರಡು ಸಲವೂ ವಾಪಸ್ ಕಳಿಸಿದ್ರು. ಇವತ್ತಾದ್ರೂ ಹಾಕ್ತೀರೋ?" ಸಿದ್ಧಮಾಡಿಕೊಂಡ ಮಾತು ಗಂಟಲಲ್ಲೇ ಉಳಿಯಿತು. ಆ ಮಧ್ಯಾಹ್ನ ಇನ್ನೂ ಮೂರು ಮಕ್ಕಳು ಕೇಂದ್ರಕ್ಕೆ ಬಂದವು. ಒಂದು ಮನೆಗೆ ಬೀಗ ಹಾಕಿತ್ತು, ಮತ್ತೊಂದು ಕುಟುಂಬ ಕೆಲಸ ಅರಸಿ ಬೇರೆಡೆ ಹೋಗಿತ್ತು. ಲಸಿಕೆ ಬೇಡವೆಂದವರು ಒಬ್ಬರೂ ಸಿಗಲಿಲ್ಲ. 4.50ಕ್ಕೆ ಸಿಸ್ಟರ್ ಉಳಿದ ಆರು ಡೋಸನ್ನು ಎಸೆದು, ರಿಜಿಸ್ಟರಿನಲ್ಲಿ ಪೋಲು 6 ಎಂದು ಬರೆದರು. ಬರೆಯುವಾಗ ನನ್ನ ಮುಖ ನೋಡಿದರು.

ಆ ನೋಟ ನನ್ನನ್ನು ಬಹಳ ದಿನ ಕಾಡಿತು. ಎಸೆದ ಡೋಸಿಗೆ ನಮ್ಮ ರಿಜಿಸ್ಟರಿನಲ್ಲಿ ಒಂದು ಕಾಲಮ್ ಇದೆ, ಬಾಗಿಲಿಗೆ ಬಂದು ಹಿಂದಿರುಗಿದ ಮಗುವಿಗೆ ಇಲ್ಲ. 1974ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ವಿಸ್ತೃತ ಲಸಿಕಾ ಕಾರ್ಯಕ್ರಮವನ್ನು ಆರಂಭಿಸಿದಾಗ ಬಡ ದೇಶಗಳಲ್ಲಿ ನೂರಕ್ಕೆ ಐದು ಶಿಶುಗಳಿಗೂ ಈ ಲಸಿಕೆಗಳು ತಲುಪುತ್ತಿರಲಿಲ್ಲ. 2023ರ ಅಂದಾಜಿನಂತೆ ಜಗತ್ತಿನ ಶೇ 84ರಷ್ಟು ಶಿಶುಗಳು ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು ತಡೆಯುವ ಲಸಿಕೆಯ ಮೂರೂ ಡೋಸ್ ಪಡೆದಿದ್ದವು. ಅದರ ಒಂದು ಡೋಸನ್ನೂ ಕಾಣದ ಮಕ್ಕಳು 1 ಕೋಟಿ 45 ಲಕ್ಷ, ಒಂದೋ ಎರಡೋ ಪಡೆದು ನಡುವೆ ಬಿಟ್ಟವು ಸುಮಾರು 65 ಲಕ್ಷ. ಒಮ್ಮೆಯೂ ಬಾರದವರನ್ನು ತಲುಪಲು ರಸ್ತೆ, ವಾಹನ, ಹೊಸ ಸಿಬ್ಬಂದಿ ಬೇಕಾದೀತು. ನಡುವೆ ಬಿಟ್ಟವರಾದರೋ ಒಮ್ಮೆ ನಮ್ಮ ಬಾಗಿಲಿಗೆ ತಾವಾಗಿಯೇ ಬಂದವರು. 2002ರಲ್ಲಿ ರೂಪುಗೊಂಡ, ಪ್ರತಿ ಜಿಲ್ಲೆಯನ್ನೂ ತಲುಪುವ ಕಾರ್ಯತಂತ್ರದ ಐದು ಅಂಶಗಳಲ್ಲಿ 'ಬೆಂಬಲಿಸುವ ಮೇಲ್ವಿಚಾರಣೆ' ಎಂಬುದೂ ಒಂದು. ಆ ಪದವನ್ನು ಬಾಯಿಪಾಠ ಮಾಡಿದವನು ನಾನು. ಒಂದೂವರೆ ವರ್ಷದ ಹಿಂದೆ ಮೂರು ಸಾಲು ಗೀಚಿ ಎದ್ದುಹೋಗುವ ಬದಲು ಹತ್ತು ನಿಮಿಷ ಕುಳಿತು ಆ ಸಿಸ್ಟರ್ ಜೊತೆ ಲೆಕ್ಕ ಮಾಡಿದ್ದರೆ ಸಾಕಿತ್ತು.

ಆಮೇಲೆ ನಾವು ಮಾಡಿದ ಬದಲಾವಣೆಗಳು ಹೇಳಿಕೊಳ್ಳುವಂಥವೇನಲ್ಲ. ಲಸಿಕೆಯ ದಿನಕ್ಕೆ ಮೊದಲೇ ಬಾಕಿ ಮಕ್ಕಳ ಪಟ್ಟಿ ಕಾರ್ಯಕರ್ತೆಯ ಕೈ ಸೇರುವಂತಾಯಿತು. ಅಕ್ಕಪಕ್ಕದ ಎರಡು ಕಡೆಯ ದಡಾರದ ಮಕ್ಕಳಿಗೆ ಒಂದೇ ದಿನ ಹೇಳಿಕಳುಹಿಸತೊಡಗಿದೆವು. ಗೋಡೆಯ ಮೇಲೆ ಮೊದಲ ಡೋಸ್ ಮತ್ತು ದಡಾರದ ಗೆರೆಗಳನ್ನು ಒಂದೇ ಹಾಳೆಯಲ್ಲಿ ಎಳೆದು ತೂಗುಹಾಕಿದೆವು. ರಿಜಿಸ್ಟರಿನ ಅಂಚಿನಲ್ಲಿ ಸಿಸ್ಟರ್ ತಾವೇ ಪಟ್ಟಿಯಿಟ್ಟು ಒಂದು ಕಾಲಮ್ ಎಳೆದು 'ವಾಪಸ್ ಹೋದವರು' ಎಂದು ತಲೆಬರಹ ಕೊಟ್ಟರು. 5 ಡೋಸಿನ ಸೀಸೆ ಕಳುಹಿಸಿ ಎಂದು ಬರೆದ ನನ್ನ ಪತ್ರಕ್ಕೆ ಮಾತ್ರ ಉತ್ತರ ಬರಲಿಲ್ಲ.

ಬೇರೊಂದು ಪತ್ರ ಬಂತು. ನಾಲ್ಕು ತಿಂಗಳ ನಂತರ, ನನ್ನ ಹೆಸರಿಗೆ: ಸದರಿ ಕೇಂದ್ರದಲ್ಲಿ ದಡಾರ ಲಸಿಕೆಯ ಪೋಲು ಹೆಚ್ಚಾಗಿರುವುದು ಕಂಡುಬಂದಿದ್ದು, ಲಿಖಿತ ವಿವರಣೆ ನೀಡತಕ್ಕದ್ದು. ಭಾಷೆ ಹೆಚ್ಚುಕಡಿಮೆ ನನ್ನ ಷರಾದ್ದೇ. ಸಿಸ್ಟರ್‌ಗೆ ತೋರಿಸಿದೆ. ಅವರು ನಕ್ಕು, ರಿಜಿಸ್ಟರಿನ ಆ ನಾಲ್ಕು ತಿಂಗಳ ಪುಟಗಳನ್ನು ಜೆರಾಕ್ಸ್ ಮಾಡಿಸಿ ತಂದುಕೊಟ್ಟರು. ಅಂಚಿನ ಕಾಲಮಿನಲ್ಲಿ ನಾಲ್ಕು ಕಡೆಯೂ ಸೊನ್ನೆ. ಉತ್ತರವನ್ನು ಒಂದೇ ಸಾಲಿನಲ್ಲಿ ಬರೆದು, ಆ ಪುಟಗಳನ್ನು ಲಗತ್ತಿಸಿ, ತಾರೀಖು ಹಾಕಿ ಕಳುಹಿಸಿದೆ.