ಒಡೆಯದ ಬಾಗಿಲನ್ನು ಮೊದಲು ನೋಡಬೇಕಿತ್ತು

ಮೇ ತಿಂಗಳ ಒಂದು ಮಧ್ಯಾಹ್ನ ಬಳ್ಳಾರಿಯ ನಮ್ಮ ಶೆಡ್ಡಿಗೆ ಒಂದು ಕನ್ವರ್ಟಿಬಲ್ ಗಾಡಿ ಬಂತು. ಎರಡೇ ಬಾಗಿಲು, ಮೇಲೆ ಬಟ್ಟೆಯ ಟಾಪು. ಡ್ರೈವರ್ ಬದಿಯ ಕಿಟಕಿಗೆ ಗ್ಲಾಸ್ ಇರಲಿಲ್ಲ. ಪ್ಲಾಸ್ಟಿಕ್ ಹಾಳೆ ಕಟ್ಟಿ ಸುತ್ತ ಟೇಪು ಹಚ್ಚಿದ್ದರು. ತೋರಣಗಲ್ಲು ಕಡೆಯಿಂದ ಬರುವಾಗ ಎದುರಿಗೆ ಬಂದ ಅದಿರಿನ ಲಾರಿಯ ಜೋಡಿ ಟೈರಿನ ನಡುವೆ ಸಿಕ್ಕಿಕೊಂಡಿದ್ದ ಕಲ್ಲು ಸಿಡಿದು ಹೊಡೆದಿತ್ತು. ಗಾಡಿ ಓಡಿಸುತ್ತಿದ್ದ ಅಣ್ಣನಿಗೆ ಕೈ ಮೇಲೆ ಎರಡು ಗೀರು ಬಿಟ್ಟರೆ ಏನೂ ಆಗಿರಲಿಲ್ಲ.

ಆಗದೆ ಇದ್ದದ್ದಕ್ಕೆ ಕಾರಣ ಆ ಗ್ಲಾಸೇ. ಬಾಗಿಲಿನ ಗ್ಲಾಸನ್ನು ಕೆಂಪಗೆ ಕಾಯಿಸಿ, ಒಮ್ಮೆಲೇ ಗಾಳಿ ಊದಿ ತಣ್ಣಗೆ ಮಾಡಿರುತ್ತಾರೆ. ಹೊರಮೈ ಬಿಗಿಯಾಗಿರುತ್ತದೆ, ಒಳಗೆ ಎಳೆತ ಇರುತ್ತದೆ. ಒಂದು ಕಡೆ ಸೀಳಿದರೆ ಸಾಕು, ಇಡೀ ಗ್ಲಾಸು ಕಲ್ಲುಸಕ್ಕರೆ ಹರಳಿನ ಹಾಗೆ ಉದುರಿಬಿಡುತ್ತದೆ. ಚೂಪಾದ ದೊಡ್ಡ ತುಂಡು ಬರುವುದಿಲ್ಲ. ಹಾಗೆ ಗಟ್ಟಿ ಮಾಡಿದ ಗ್ಲಾಸನ್ನು ಆಮೇಲೆ ಕತ್ತರಿಸಲೂ ಆಗುವುದಿಲ್ಲ, ತೂತು ಕೊರೆಯಲೂ ಆಗುವುದಿಲ್ಲ. ಅದಕ್ಕೇ ಇಂಥ ಗಾಡಿಗೆ ಸರಿಯಾದ ಪಾರ್ಟ್ ನಂಬರ್ ಹಾಕಿ ತರಿಸಲೇಬೇಕು. ಬೆಂಗಳೂರಿನಿಂದ ಬರೋಕೆ ಒಂಬತ್ತು ದಿನ ಹಿಡಿಯಿತು.

ನಾನು ಈ ಕೆಲಸಕ್ಕೆ ಬಂದು 14 ವರ್ಷ ಆಯಿತು. ಮಾರುತಿ, ಬೊಲೆರೊ, ಇನ್ನೋವಾ, ಲಾರಿ ಕ್ಯಾಬಿನ್, ಎಷ್ಟು ಗ್ಲಾಸು ಹಾಕಿದ್ದೀನೋ ಲೆಕ್ಕ ಇಟ್ಟಿಲ್ಲ. ಬಾಗಿಲಿನ ಗ್ಲಾಸು ಅಂದರೆ ನನಗೆ ಒಂದು ಗಂಟೆಯ ಕೆಲಸ. ಆ ಧೈರ್ಯದಲ್ಲೇ ಈ ಗಾಡಿಗೂ ಕೈ ಹಾಕಿದೆ. ತಪ್ಪು ಶುರುವಾಗಿದ್ದು ಅಲ್ಲಿಂದ.

ಮಾಮೂಲಿ ಗಾಡಿಯ ಬಾಗಿಲಿಗೆ ಮೇಲೆ ಚೌಕಟ್ಟು ಇರುತ್ತದೆ. ಗ್ಲಾಸು ಆ ಚೌಕಟ್ಟಿನ ರಬ್ಬರ್ ಚಾನೆಲ್ ಒಳಗೆ ಹತ್ತಿ ಇಳಿಯುತ್ತದೆ. ನೀವು ಒಂಚೂರು ಹೆಚ್ಚುಕಡಿಮೆ ಕೂರಿಸಿದರೂ ಚಾನೆಲ್ಲೇ ಅದನ್ನು ಹಿಡಿದು ದಾರಿಗೆ ತರುತ್ತದೆ. ಕನ್ವರ್ಟಿಬಲ್‌ನಲ್ಲಿ ಆ ಚೌಕಟ್ಟೇ ಇಲ್ಲ. ಗ್ಲಾಸು ಬಾಗಿಲಿನ ಒಳಗೆ ಅದನ್ನು ಏರಿಸಿ ಇಳಿಸುವ ಮಷಿನ್ ಮೇಲೆ, ಎರಡು ಮೂರು ಬೋಲ್ಟಿನ ಹಿಡಿತದಲ್ಲಿ ಒಂಟಿಯಾಗಿ ನಿಂತಿರುತ್ತದೆ. ಬಾಗಿಲು ಹಾಕಿದಾಗ ಅದರ ಅಂಚು ಟಾಪಿನ ರಬ್ಬರಿಗೆ ಹೋಗಿ ತಾನೇ ಕೂರಬೇಕು. ಕಂಬ ನಿಲ್ಲಿಸಿದವರಿಗೆ ಇದು ಗೊತ್ತಿರುತ್ತದೆ, ಬುಡ ಸ್ವಲ್ಪ ವಾಲಿದರೆ ತುದಿ ಎಷ್ಟು ಆಚೆ ಹೋಗುತ್ತದೆ ಅಂತ. ಇಲ್ಲೂ ಅಷ್ಟೇ. ಕೆಳಗೆ ಬೋಲ್ಟಿನ ಹತ್ತಿರ 1 ಮಿಲಿಮೀಟರ್ ಸರಿದರೆ ಮೇಲಿನ ಅಂಚಿನಲ್ಲಿ ಅದು ಎರಡು ಮೂರು ಮಿಲಿಮೀಟರ್ ಆಗಿ ಕಾಣುತ್ತದೆ.

ಇನ್ನೊಂದು ವಿಷಯ. ಇಂಥ ಗಾಡಿಯಲ್ಲಿ ಹ್ಯಾಂಡಲ್ ಎಳೆದ ಕೂಡಲೇ ಗ್ಲಾಸು ತಾನಾಗಿ ಒಂದು ಬೆರಳಗಲ ಕೆಳಗೆ ಇಳಿಯುತ್ತದೆ. ಬಾಗಿಲು ಹಾಕಿದ ಮೇಲೆ ಮತ್ತೆ ಮೇಲೆ ಹೋಗಿ ರಬ್ಬರಿನ ಅಡಿಗೆ ಸೇರಿಕೊಳ್ಳುತ್ತದೆ. ಇದೆಲ್ಲ ಕರೆಂಟಿನ ಆಟ. ಬ್ಯಾಟರಿ ಬಿಚ್ಚಿದಾಗ ಗ್ಲಾಸು ಇಳಿಯುವುದಿಲ್ಲ. ಆಗ ಯಾರಾದರೂ ಬಾಗಿಲು ತಳ್ಳಿದರೆ ಗ್ಲಾಸಿನ ಅಂಚು ನೇರ ರಬ್ಬರಿಗೆ ಹೊಡೆಯುತ್ತದೆ. ರಬ್ಬರ್ ಹರಿಯಬಹುದು, ಗ್ಲಾಸೇ ಹೋಗಬಹುದು. ಈಗ ನಮ್ಮಲ್ಲಿ ಬ್ಯಾಟರಿ ತೆಗೆದ ತಕ್ಷಣ ಬಾಗಿಲಿನ ಲಾಕ್ ಕೂರುವ ಕೊಕ್ಕೆಗೆ ದಪ್ಪ ಬಟ್ಟೆ ಸುತ್ತಿ ಕಟ್ಟುತ್ತೇವೆ. ಅಭ್ಯಾಸಬಲದಿಂದ ತಳ್ಳಿದರೂ ಬಾಗಿಲು ಮುಚ್ಚುವುದಿಲ್ಲ.

ಡೋರ್ ಪ್ಯಾಡ್, ಅಂದರೆ ಬಾಗಿಲಿನ ಒಳಬದಿಯ ಹೊದಿಕೆ, ತೆಗೆಯುವುದು ಸುಲಭವೇ. ಹಿಡಿಕೆ ಹಿಂದೆ ಅಡಗಿರುವ ಸ್ಕ್ರೂ ಹುಡುಕಬೇಕು, ಆಮೇಲೆ ಸುತ್ತ ಕ್ಲಿಪ್ಪು. ಒಳಗೆ ಒಂದು ಹಾಳೆ ಕಪ್ಪು ಅಂಟಿನಲ್ಲಿ ಅಂಟಿರುತ್ತದೆ. ಅದನ್ನು ಹರಿಯದೆ ತೆಗೆಯಬೇಕು, ವಾಪಸ್ ಹಾಕುವಾಗ ಒಂದು ಕಡೆಯೂ ಬಾಯಿ ಬಿಡದ ಹಾಗೆ ಅಂಟಿಸಬೇಕು. ಬಾಗಿಲೊಳಗೆ ಇಳಿದ ನೀರು ಪ್ಯಾಡಿಗೆ, ಸೀಟಿನ ಕಡೆಗೆ ಬಾರದಂತೆ ತಡೆಯುವುದು ಅದೇ. ಕೆಲವು ಗಾಡಿಗಳಲ್ಲಿ ಪಕ್ಕದಿಂದ ಡಿಕ್ಕಿ ಆದಾಗ ಬಾಗಿಲೊಳಗಿನ ಗಾಳಿಯ ಒತ್ತಡ ನೋಡಿ ಏರ್‌ಬ್ಯಾಗ್ ಬಿಡಿಸುವ ಸೆನ್ಸರ್ ಇರುತ್ತದೆ. ಆ ಹಾಳೆ ಸರಿಯಾಗಿ ಮುಚ್ಚದಿದ್ದರೆ ಸೆನ್ಸರ್‌ಗೆ ಸರಿಯಾದ ಲೆಕ್ಕ ಸಿಗುವುದಿಲ್ಲ. ಸುಮ್ನೆ ಒಂದು ಪ್ಲಾಸ್ಟಿಕ್ ಅಂತ ಹರಿದು ಬಿಸಾಕುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ನಾನು ಎಡವಿದ್ದು ಗ್ಲಾಸಿನ ಚೂರು ತೆಗೆಯುವಾಗ. ಒಡೆದ ಗ್ಲಾಸಿನ ಬಹುಪಾಲು ಬಾಗಿಲಿನ ಹೊಟ್ಟೆಗೇ ಬಿದ್ದಿರುತ್ತದೆ. ಅದನ್ನು ಪೂರ್ತಿ ತೆಗೆಯದಿದ್ದರೆ ಹೊಸ ಗ್ಲಾಸಿಗೆ ಗೀರು ಬೀಳುತ್ತದೆ, ಮಷಿನ್ನಿನ ತಂತಿಗೆ ಚೂರು ಸಿಕ್ಕಿಕೊಳ್ಳುತ್ತದೆ, ಕೆಳಗಿನ ನೀರು ಹೋಗುವ ತೂತು ಕಟ್ಟಿಕೊಂಡು ಬಾಗಿಲು ಒಳಗಿಂದ ತುಕ್ಕು ಹಿಡಿಯುತ್ತದೆ. ವ್ಯಾಕ್ಯೂಮ್ ಹಾಕಿದೆ. ಮೂಲೆಯಲ್ಲಿ ಇನ್ನೂ ಇತ್ತು. ಕೈ ಹೋಗುತ್ತಿರಲಿಲ್ಲ. ಮಷಿನ್ನೇ ಹೊರಗೆ ತೆಗೆದುಬಿಟ್ಟರೆ ಸಲೀಸು ಅನ್ನಿಸಿತು. ಅದರ ರೈಲು ಹಿಡಿದಿದ್ದ ಬೋಲ್ಟುಗಳನ್ನು, ಕೆಳಗೆ ಓರೆ ಹೊಂದಿಸುವ ಬೋಲ್ಟನ್ನು, ಎಲ್ಲ ಬಿಚ್ಚಿದೆ. ಗ್ಲಾಸು ಬದಲಾಯಿಸಲು ಅವನ್ನು ಮುಟ್ಟಬೇಕಾಗಿಯೇ ಇರಲಿಲ್ಲ. ಗ್ಲಾಸು ಹಿಡಿಯುವ ಎರಡು ಬೋಲ್ಟು ಸಡಿಲಿಸಿದ್ದರೆ ಸಾಕಿತ್ತು. ಗಾಡಿ ತಯಾರಾದಾಗ ಕೂರಿಸಿದ ಅಳತೆ ಆ ಬೋಲ್ಟುಗಳ ಜಾಗದಲ್ಲೇ ಇತ್ತು. ಒಂದು ಮಾರ್ಕರಿನ ಗೆರೆ ಕೂಡ ಎಳೆಯದೆ ಅದನ್ನು ಕಳೆದುಕೊಂಡೆ.

ಬಾಗಿಲು ಚೊಕ್ಕ ಆಯಿತು. ಅದೇ ಹುರುಪಿನಲ್ಲಿ ಟಾಪಿನ ರಬ್ಬರನ್ನೂ ಒದ್ದೆ ಬಟ್ಟೆಯಿಂದ ಫಳಫಳ ಅನ್ನುವ ಹಾಗೆ ಒರೆಸಿದೆ. ಇದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬರುತ್ತದೆ.

ಹೊಸ ಗ್ಲಾಸು ಕೂರಿಸಿ, ಕಣ್ಣಂದಾಜಿನಲ್ಲಿ ಹೊಂದಿಸಿ, ಬಾಗಿಲು ಹಾಕಿ ನೋಡಿದರೆ ಚೆನ್ನಾಗೇ ಇತ್ತು. ಅಣ್ಣ ಗಾಡಿ ತಗೊಂಡು ಹೋದರು. ನಾಲ್ಕು ದಿನಕ್ಕೆ ವಾಪಸ್ ಬಂದರು.

"ಎಂಬತ್ತು ದಾಟಿದ್ರೆ ಕಿವಿ ಹತ್ರ ಸೀಟಿ ಹೊಡೆದಂಗೆ ಸೌಂಡ್ ಬರ್ತೈತಿ ತಮ್ಮಾ, ಒಂದೀಟು ನೋಡು."

ಗಾಳಿ ನುಗ್ಗುತ್ತಿದೆ ಅಂತ ಗ್ಲಾಸಿನ ಮೇಲಂಚನ್ನು ಇನ್ನಷ್ಟು ಒಳಕ್ಕೆ ವಾಲಿಸಿ ಬಿಗಿ ಮಾಡಿದೆ. ಸೀಟಿ ನಿಂತಿತು. ಅವರು ಖುಷಿಯಾಗಿ ಹೋದರು, ನಾನೂ ಕೆಲಸ ಮುಗಿಯಿತು ಅಂದುಕೊಂಡೆ. ಒಂದು ತಿಂಗಳಿಗೆ ಮತ್ತೆ ಬಂದರು. ಈ ಸಲ ಬಾಗಿಲನ್ನು ಜೋರಾಗಿ ಬಡಿದರೆ ಮಾತ್ರ ಕೂರುತ್ತಿತ್ತು. ಟಾಪಿನ ರಬ್ಬರಿನ ತುಟಿ ಹಿಂದಿನ ಮೂಲೆಯಲ್ಲಿ ಎರಡು ಇಂಚು ಹರಿದು ನೇತಾಡುತ್ತಿತ್ತು. ಗ್ಲಾಸು ದಿನಾ ಅದನ್ನು ಕಚ್ಚಿ ಎಳೆದಿತ್ತು. ಅವರು ಬೈಯಲಿಲ್ಲ. "ಮೊದಲು ಹಿಂಗಿರಲಿಲ್ಲ" ಅಂದರು, ಅಷ್ಟೇ. ಅದೇ ಜಾಸ್ತಿ ನೋವಾಯಿತು.

ಆವತ್ತು ಕೌಲ್ ಬಜಾರಿನ ಒಬ್ಬ ಚಾಚಾನನ್ನು ಕರೆಸಿದೆ. ಹಳೇ ಟಿಂಕರಿಂಗ್ ಉಸ್ತಾದ್. ಅಂಬಾಸಿಡರ್ ಕಾಲದಿಂದ ಬಾಗಿಲು ಹೊಂದಿಸಿದವರು. ಈಗ ಶೆಡ್ಡಿಗೆ ಹೋಗುವುದಿಲ್ಲ, ಮನೆಯಲ್ಲಿರುತ್ತಾರೆ. ನಮ್ಮ ಹುಡುಗ ಬೈಕಿನಲ್ಲಿ ಕರಕೊಂಡು ಬಂದ. ಒಗ್ಗರಣಿ ಮಿರ್ಚಿ ತರಿಸಿದ್ದೆ. ಅದನ್ನೂ ಮುಟ್ಟದೆ ಅವರು ಗಾಡಿಯ ಎಡಗಡೆಗೆ ಹೋದರು.

"ಚಾಚಾ, ಈ ಕಡೆ, ಬಲಗಡೆ ಬಾಗಿಲು" ಅಂದೆ.

"ಗೊತ್ತೈತಿ. ಸರಿ ಇರೋದು ಹೆಂಗೈತಿ ಅಂತ ನೋಡ್ದೆ ಕೆಟ್ಟಿದ್ದನ್ನ ಹೆಂಗ್ ಮಾಡ್ತೀಯಪ್ಪಾ?"

ನನ್ನ ಬಿಲ್ ಬುಕ್ಕಿನಿಂದ ಒಂದು ಹಾಳೆ ಹರಿದುಕೊಂಡರು. ಅದನ್ನು ಉದ್ದಕ್ಕೆ ಪಟ್ಟಿ ಮಾಡಿ, ಎಡ ಬಾಗಿಲಿನ ಗ್ಲಾಸು ಮತ್ತು ರಬ್ಬರಿನ ನಡುವೆ ಇಟ್ಟು ಬಾಗಿಲು ಹಾಕಿಸಿದರು. ಗ್ಲಾಸು ಮೇಲೆ ಹೋಗಿ ಕೂತ ಮೇಲೆ ಎರಡು ಬೆರಳಿನಲ್ಲಿ ಪಟ್ಟಿಯನ್ನು ನಿಧಾನ ಎಳೆದರು. ಅದು ಹರಿಯಲಿಲ್ಲ, ಜಾರಿ ಬರಲೂ ಇಲ್ಲ. ಕೈಯಲ್ಲಿ ಹಿಡಿತ ಗೊತ್ತಾಗುವ ಹಾಗೆ ಎಳೆದುಕೊಂಡು ಬಂತು. ಮುಂದಿನ ಮೂಲೆಯಿಂದ ಹಿಂದಿನ ಮೂಲೆಯವರೆಗೆ ಒಂದೊಂದು ಗೇಣಿಗೆ ಹೀಗೇ ಎಳೆಸಿದರು. ನನ್ನ ಕೈಗೂ ಕೊಟ್ಟರು. "ಕಣ್ಣು ಮುಚ್ಚು" ಅಂದರು. ಎಲ್ಲಾ ಕಡೆ ಒಂದೇ ಹಿಡಿತ. ಆಮೇಲೆ ಬಲಗಡೆ ಬಂದೆವು. ಮುಂದಿನ ಮೂಲೆಯಲ್ಲಿ ಪಟ್ಟಿ ಗಾಳಿಯಲ್ಲಿ ಬಂದ ಹಾಗೆ ಬಂತು. ಹಿಂದಿನ ಮೂಲೆಯಲ್ಲಿ ಹರಿದು ಅರ್ಧ ಒಳಗೇ ಉಳಿಯಿತು. ನಾನು ಗ್ಲಾಸನ್ನು ಒಳಕ್ಕೆ ತಳ್ಳಿದ್ದು ತಪ್ಪು ಮೂಲೆಯಲ್ಲಿ. ಮುಂದೆ ಸಂದು ಇದ್ದದ್ದಕ್ಕೆ ಹಿಂದೆ ಬಿಗಿ ಮಾಡಿದ್ದೆ. ಸೀಟಿ ನಿಂತಿದ್ದು ಸುಮ್ಮನೆ ಗಾಳಿಯ ದಾರಿ ಬದಲಾಗಿದ್ದರಿಂದ.

ಎಡಗಡೆಯಿಂದ ಇನ್ನೂ ಮೂರು ಅಳತೆ ತೆಗೆಸಿದರು. ಗ್ಲಾಸು ರಬ್ಬರಿನ ಅಡಿಗೆ ಎಷ್ಟು ಹೋಗುತ್ತದೆ. ಹಿಂದಿನ ಸಣ್ಣ ಗ್ಲಾಸಿಗೂ ಬಾಗಿಲಿನ ಗ್ಲಾಸಿಗೂ ನಡುವೆ ಎಷ್ಟು ಸಂದು. ಹ್ಯಾಂಡಲ್ ಎಳೆದಾಗ ಎಷ್ಟು ಇಳಿಯುತ್ತದೆ. ಎಲ್ಲ ಅದೇ ಬಿಲ್ ಹಾಳೆಯ ಹಿಂದೆ ಬರೆದೆ.

ಕೆಲಸ ಶುರು ಮಾಡುವ ಮೊದಲು ಇನ್ನೊಂದು ಮಾತು ಹೇಳಿದರು. ಗಾಡಿಯ ಒಂದು ಚಕ್ರ ನಾನು ಜಾಕ್ ಮೇಲೆ ಎತ್ತಿದ್ದೆ, ಬೇರೆ ಏನೋ ನೋಡಲು. ಅದನ್ನು ಇಳಿಸಿ, ನಾಲ್ಕೂ ಚಕ್ರ ಸಮ ನೆಲದ ಮೇಲೆ ನಿಲ್ಲಿಸಲು ಹೇಳಿದರು. ಮಾಮೂಲಿ ಗಾಡಿಯ ತಗಡಿನ ಟಾಪು ಇಡೀ ಬಾಡಿಯನ್ನು ಡಬ್ಬಿಯ ಹಾಗೆ ಬಿಗಿದಿರುತ್ತದೆ. ಕನ್ವರ್ಟಿಬಲ್‌ಗೆ ಅದು ಇಲ್ಲ. ಕೆಳಗೆ ಎಷ್ಟೇ ಬಲ ಕೊಟ್ಟಿದ್ದರೂ ಒಂದು ಮೂಲೆ ಎತ್ತಿದರೆ ಬಾಡಿ ಕೊಂಚ ತಿರುಚುತ್ತದೆ. ಆಗ ಹೊಂದಿಸಿದ ಗ್ಲಾಸು ಗಾಡಿ ಇಳಿಸಿದ ಮೇಲೆ ಹೊಂದುವುದಿಲ್ಲ. ಟಾಪು ಕೂಡ ಪೂರ್ತಿ ಹಾಕಿ ಲಾಕ್ ಆಗಿರಬೇಕು.

ಇಬ್ಬರೂ ಕೂತು ಮೂರು ಗಂಟೆ ಮಾಡಿದೆವು. ಒಂದು ಬೋಲ್ಟು ಸಡಿಲ, ಒಂದು ಕೂದಲೆಳೆ ಸರಿಸು, ಬಿಗಿ, ಬಾಗಿಲು ಹಾಕು, ಪಟ್ಟಿ ಎಳೆ. ಮತ್ತೆ. ಒಂದು ಸಲಕ್ಕೆ ಒಂದೇ ಬೋಲ್ಟು. ಎರಡು ಒಟ್ಟಿಗೆ ಸಡಿಲಿಸಿದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದಿಲ್ಲ. ಗ್ಲಾಸು ಹಿಡಿಯುವ ಬೋಲ್ಟಿಗೆ ಕೈ ಬಿಗಿ ಸಾಕು. ಕಬ್ಬಿಣ ಮತ್ತು ಗ್ಲಾಸಿನ ನಡುವಿನ ಪ್ಲಾಸ್ಟಿಕ್ ಬುಶ್ ಇದೆಯಾ ಅಂತ ಎರಡು ಸಲ ನೋಡಬೇಕು. ಬಲ ಹಾಕಿದರೆ ಇವತ್ತು ಏನೂ ಆಗದೆ, ಎರಡು ದಿನ ಬಿಟ್ಟು ಬಿಸಿಲಲ್ಲಿ ನಿಂತ ಗಾಡಿಯ ಗ್ಲಾಸು ಉದುರುತ್ತದೆ.

ಕೊನೆಗೆ ಗ್ಲಾಸಿಗೆ ಮೇಲೆ ಎಲ್ಲಿ ನಿಲ್ಲಬೇಕು, ಕೆಳಗೆ ಎಲ್ಲಿ ನಿಲ್ಲಬೇಕು ಅಂತ ಮತ್ತೆ ಕಲಿಸಬೇಕು. ಬ್ಯಾಟರಿ ಬಿಚ್ಚಿದರೆ ಬಹಳ ಗಾಡಿಗಳು ಅದನ್ನು ಮರೆತುಬಿಡುತ್ತವೆ. ಪೂರ್ತಿ ಇಳಿಸಿ ಸ್ವಿಚ್ಚು ಕೆಲವು ಸೆಕೆಂಡ್ ಹಿಡಿಯುವುದು, ಪೂರ್ತಿ ಏರಿಸಿ ಹಿಡಿಯುವುದು. ಒಂದೊಂದು ಗಾಡಿಗೆ ಒಂದೊಂದು ಕ್ರಮ, ಗಾಡಿಯ ಪುಸ್ತಕದಲ್ಲಿ ಇರುತ್ತದೆ. ಆಮೇಲೆ ಪೈಪಿನಿಂದ ನೀರು ಬಿಟ್ಟು ನೋಡಿದೆವು. ಪ್ರೆಶರ್ ವಾಷರ್ ಬೇಡ, ಮಳೆಯ ಹಾಗೆ ಕೆಳಗಿಂದ ಶುರು ಮಾಡಿ ನಿಧಾನ ಮೇಲಕ್ಕೆ. ನಮ್ಮ ಕಡೆ ಮಳೆ ಕಡಿಮೆ. ಮೇ ತಿಂಗಳಲ್ಲಿ ಮಾಡಿದ ತಪ್ಪು ಸೆಪ್ಟೆಂಬರ್ ಮಳೆಗೇ ಗೊತ್ತಾಗುವುದು. ಅದಕ್ಕೇ ಈ ಪರೀಕ್ಷೆ ಬಿಡಬಾರದು.

ಹರಿದ ರಬ್ಬರಿನ ದುಡ್ಡು ನಮ್ಮ ಶೆಡ್ಡೇ ಕೊಟ್ಟಿತು. ಅಣ್ಣ ಅರ್ಧ ಕೊಡುತ್ತೀನಿ ಅಂದರು, ನಾನು ತಗೊಳ್ಳಲಿಲ್ಲ. ಹೊಸ ಗ್ಲಾಸಿಗೆ ಕಪ್ಪು ಫಿಲ್ಮ್ ಹಾಕಿಕೊಡು ಅಂತಲೂ ಕೇಳಿದ್ದರು. ಪಕ್ಕದ ಗ್ಲಾಸಿನಲ್ಲಿ ಕಡಿಮೆ ಅಂದರೂ 50% ಬೆಳಕು ಹಾಯಬೇಕು ಅನ್ನುವ ನಿಯಮ ತಿಳಿಸಿ ಹೇಳಿದೆ, ಒಪ್ಪಿದರು.

ಚಾಚಾ ಹೊರಡುವಾಗ ನನಗೆ ಒಂದು ಅನುಮಾನ ಉಳಿದಿತ್ತು. "ಎರಡೂ ಬಾಗಿಲಿನ ಗ್ಲಾಸ್ ಒಡೆದಿದ್ರೆ ಏನ್ ನೋಡ್ಬೇಕಿತ್ತು ಚಾಚಾ?"

ಅವರು ಎಡಗಡೆ ಬಾಗಿಲು ತೆಗೆದು ಟಾಪಿನ ರಬ್ಬರ್ ತೋರಿಸಿದರು. ಆ ಕಡೆ ನಾನು ಒರೆಸಿರಲಿಲ್ಲ. ರಬ್ಬರಿನ ಹೊರಭಾಗಕ್ಕೆ ನಮ್ಮೂರಿನ ಕೆಂಪು ಧೂಳು ಕೂತಿತ್ತು. ಒಳಭಾಗ ಕಪ್ಪಗೆ ಚೊಕ್ಕಟವಾಗಿತ್ತು. ಎರಡರ ನಡುವೆ ಪೆನ್ಸಿಲ್ಲಿನಲ್ಲಿ ಎಳೆದ ಹಾಗೆ ಒಂದು ಗೆರೆ, ಮುಂದಿನ ಮೂಲೆಯಿಂದ ಹಿಂದಿನ ಮೂಲೆಯವರೆಗೆ. ಗ್ಲಾಸು ವರ್ಷಗಟ್ಟಲೆ ಕೂತ ಜಾಗ ಅದು. ಬಲಗಡೆಯೂ ಇದ್ದಿರುತ್ತದೆ. ಮೊದಲ ದಿನವೇ ನಾನು ಒದ್ದೆ ಬಟ್ಟೆ ತಗೊಂಡು ಒರೆಸಿ ಹಾಕಿದ್ದೆ.

ಈಗ ಅಂಥ ಗಾಡಿ ಬಂದರೆ ಮೊದಲು ಆ ಗೆರೆಯ ಫೋಟೋ ತೆಗೆಯುತ್ತೇನೆ, ಎರಡೂ ಕಡೆ, ಪಕ್ಕದಲ್ಲಿ ಸ್ಕೇಲ್ ಹಿಡಿದು. ಆ ಬಿಲ್ ಹಾಳೆ ಇನ್ನೂ ನನ್ನ ಟೂಲ್ ಬಾಕ್ಸಿನ ಮುಚ್ಚಳದ ಒಳಗೆ ಅಂಟಿಸಿಯೇ ಇದೆ.